ಅಮ್ಮ ಹಿಡಿಯದ ಕೈ

ನಮ್ಮ ಮನೆಗೆ ಯಾವ ಹೆಂಗಸು ಬಂದರೂ ಅಮ್ಮ ಮೊದಲು ಅವಳ ಕೈ ಹಿಡಿಯುತ್ತಾಳೆ. ಹಾಲು ಹಾಕುವವಳಿರಲಿ, ಓಣಿಯವರಿರಲಿ, ಮನೆ ಮನೆ ತಿರುಗುವ ಆಶಾ ಕಾರ್ಯಕರ್ತೆ ಇರಲಿ, ಎಲ್ಲರಿಗೂ ಒಂದೇ ಮರ್ಯಾದೆ. ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡು, ಹೆಬ್ಬೆರಳಿನ ಬುಡದ ಗಂಟನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ, ಅಂಗೈ ಮಡಚಿ ನೋಡುತ್ತಾಳೆ. "ಕೈ ಸಡ್ಲ ಬಿಡ್ರಿ, ಅಂಜಬ್ಯಾಡ್ರಿ" ಅನ್ನುತ್ತಾಳೆ. ಬಂದವರು ಗಾಬರಿಯಾಗಿ ನನ್ನ ಮುಖ ನೋಡುತ್ತಾರೆ.

"ಏನಿಲ್ರಿ, ನಿಮಗ ಬಳಿ ಇಡಸಾಕತ್ತಾಳ" ಎನ್ನುತ್ತೇನೆ.

ಬಳೆ ಇರುವುದಿಲ್ಲ, ಆ ಮಾತು ಬೇರೆ. ಗಾಳಿಯಲ್ಲೇ ಬಳೆ ಏರಿಸಿ ಮುಗಿಸುತ್ತಾಳೆ. ಆಮೇಲೆ ಬಿಟ್ಟುಬಿಡುತ್ತಾಳೆ. ಮತ್ತೆ ಒಂದು ಗಳಿಗೆಗೆ ಅದೇ ಕೈ ಹೊಸ ಕೈ.

ನನ್ನ ಕೈ ಮಾತ್ರ ಹಿಡಿಯುತ್ತಿರಲಿಲ್ಲ. ನಾನು ಆಕೆಯ ಹಿರಿಯ ಮಗಳು, ಸಿಂದಗಿಯ ಈ ಮನೆಯಲ್ಲಿ ಇರುವವರು ನಾವಿಬ್ಬರೇ, ಆಕೆಗೆ ಉಣ್ಣಿಸುವವಳು ತೊಳೆಯುವವಳು ನಾನೇ. ನಾನು ಹತ್ತಿರ ಕೂತು ಕೈ ಮುಂದೆ ಮಾಡಿದರೆ ಅಮ್ಮ ಮುಷ್ಟಿ ಕಟ್ಟಿ ಸೆರಗಿನೊಳಗೆ ಇಟ್ಟುಕೊಂಡುಬಿಡುತ್ತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ಗುರುತಿಲ್ಲ. ಮುಖಕ್ಕೆ ಸುದ್ದಿಯೇ ಇಲ್ಲ, ಕೈ ಮಾತ್ರ ತನ್ನಷ್ಟಕ್ಕೆ ತಾನು ಒಳಗೆ ಹೋಗುತ್ತಿತ್ತು.

ಮರೆವಿನ ರೋಗದಲ್ಲಿ ಹೆಸರು ಹೋಗುತ್ತದೆ, ಮುಖ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೆ ನಾನು ಅತ್ತು ಮುಗಿಸಿಯಾಗಿತ್ತು. 'ಬೇಟಿ' ಎನ್ನುತ್ತಿದ್ದವಳು ನನಗೆ 'ನೀವು' ಎನ್ನತೊಡಗಿದಾಗ ಎರಡು ದಿನ ಊಟ ಸೇರಲಿಲ್ಲ, ಮೂರನೆಯ ದಿನ ಸೇರಿತು. ಹೊಟ್ಟೆ ನಾಚಿಕೆಗೇಡಿ. ಆದರೆ ಓಣಿಯ ಎಲ್ಲರ ಕೈ ಹಿಡಿಯುವವಳು ನನ್ನ ಒಂದು ಕೈ ಹಿಡಿಯಬಾರದೇ? ಅಷ್ಟೇ ಬೇಕಾಗಿತ್ತು ನನಗೆ. ಹೆಸರು ಬೇಡ, ಕೈ ಹಿಡಿದರೆ ಸಾಕಿತ್ತು.

ಅಮ್ಮ ಬಳೆಗಾರ್ತಿ. ಇಂಡಿ, ಹೊರ್ತಿ, ದೇವರ ಹಿಪ್ಪರಗಿ, ಎಲ್ಲಿ ಸಂತೆಯೋ ಅಲ್ಲಿ ಅಮ್ಮ. ಬುಟ್ಟಿಯಲ್ಲಿ ಬಳೆಯ ಸರಗಳು, ಕೂರಲು ಒಂದು ಗೋಣಿತಟ್ಟು, ಇಷ್ಟೇ ಅಂಗಡಿ. ಮದುವೆ, ಸೀಮಂತ ಇದ್ದ ಮನೆಯವರು ಹೇಳಿಕಳಿಸಿದರೆ ಹಳ್ಳಿಗೂ ಹೋಗುತ್ತಿದ್ದಳು. ಯಾವ ಜಾತಿಯ ಮನೆಯಾದರೂ ಸರಿ, ಬಳೆಗಾರ್ತಿಗೆ ಒಳಗಿನ ಪಡಸಾಲೆಯಲ್ಲಿ ಚಾಪೆ. ಬಳೆ ಇಡಿಸಿಕೊಂಡವರು ಎದ್ದು ಆಕೆಗೆ ಕೈಮುಗಿದು ಹೋಗುವುದು ನಮ್ಮ ಕಡೆಯ ಪದ್ಧತಿ. ಗೌಡರ ಸೊಸೆಯೂ ಮುಗಿಯುತ್ತಿದ್ದಳು, ಕೂಲಿಗೆ ಹೋಗುವವಳೂ ಮುಗಿಯುತ್ತಿದ್ದಳು.

ಗಾಜಿನ ಬಳೆ ಏರಿಸುವುದು ಸುಮ್ಮನೆ ಆಗುವ ಕೆಲಸವಲ್ಲ. ಬಳೆ ಮೈಗೆ ಒಪ್ಪಬೇಕೆಂದರೆ ಬಿಗಿಯಾಗಿರಬೇಕು, ಬಿಗಿಯಾಗಿದ್ದರೆ ಹೆಬ್ಬೆರಳಿನ ಗಂಟು ದಾಟುವಾಗ ಜೀವ ಹೋಗುತ್ತದೆ. ಹೆಂಗಸರು ಅಂಜಿ ಕೈ ಬಿಗಿ ಹಿಡಿದರೆ ಬಳೆ ಒಡೆದು ಚರ್ಮ ಸೀಳುತ್ತದೆ. ಅದಕ್ಕೆ ಅಮ್ಮ ಮಾತು ತೆಗೆಯುತ್ತಿದ್ದಳು. "ಯಾವೂರ್ರಿ ನಿಮ್ದು? ಮಕ್ಕಳು ಎಷ್ಟ್ರಿ? ಎಮ್ಮಿ ಹಿಂಡತೈತೇನ್ರಿ?" ಆ ಹೆಂಗಸು ಎಮ್ಮೆಯ ಸುದ್ದಿ ಹೇಳಲು ಬಾಯಿ ತೆರೆದಳೋ ಇಲ್ಲವೋ, ಬಳೆ ಗಂಟು ದಾಟಿ ಮಣಿಕಟ್ಟಿನಲ್ಲಿ ಕೂತಿರುತ್ತಿತ್ತು. ಚಿಕ್ಕಂದಿನಲ್ಲಿ ನಾನು ಪಕ್ಕದಲ್ಲಿ ಕೂತು ಇದನ್ನು ನೋಡಿ ನೋಡಿ ಬೇಸತ್ತಿದ್ದೇನೆ. ಎಲ್ಲರ ಮನೆಯ ಎಮ್ಮೆಯ ಚಿಂತೆ ಈಕೆಗ್ಯಾಕೆ ಎಂದುಕೊಳ್ಳುತ್ತಿದ್ದೆ.

ಅಮ್ಮನನ್ನು ತೋರಿಸಿದಾಗ ಡಾಕ್ಟರು ಹೇಳಿದ್ದು ಇಷ್ಟು: "ಕೈಯಾಗ ಕುಂತಿದ್ದು ಲಗೂ ಹೋಗಂಗಿಲ್ರಿ. ಮಾತು ಹೋಗತೈತಿ, ಹೆಸರು ಹೋಗತೈತಿ. ಹೊಸ ಸುದ್ದಿ ಅಂತೂ ನಿಂದ್ರೂದು ಕಷ್ಟ." ನಾನು ಹೈಸ್ಕೂಲಿನಲ್ಲಿ ಪಾಠ ಹೇಳುವವಳು, ಹೇಳಿದ್ದನ್ನು ಸೂತ್ರ ಮಾಡಿಕೊಳ್ಳುವ ಚಟ. ಹಳೆಯದು ಉಳಿಯುತ್ತದೆ, ಹೊಸದು ನಿಲ್ಲುವುದಿಲ್ಲ. ಹಾಗಾದರೆ ಆಕೆ ನನ್ನ ಕೈ ಹಿಡಿಯದಿರುವುದೂ ಹಳೆಯದೇ ಇರಬೇಕು ಎಂದು ಲೆಕ್ಕ ಹಾಕಿದೆ. ಹಳೆಯದು ಯಾವುದು ಎಂದು ಹುಡುಕಲು ದೂರ ಹೋಗಬೇಕಾಗಿರಲಿಲ್ಲ.

ನನ್ನ ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಅವತ್ತು ನನ್ನ ಬಳೆಗಳನ್ನು ತೆಗೆದವಳು ಅಮ್ಮನೇ. ಬಂದ ಹೆಂಗಸರು ಒಡೆಯಲು ಹೋದಾಗ "ಮುಟ್ಟಬ್ಯಾಡ್ರಿ ನನ ಮಗಳ ಕೈ" ಎಂದು ಗದರಿ, ಸೋಪಿನ ನೀರು ಹಚ್ಚಿ, ಒಂದೊಂದಾಗಿ ಜಾರಿಸಿ ತೆಗೆದಳು. ಒಂದೂ ಒಡೆಯಲಿಲ್ಲ. ಆದರೆ ಮತ್ತೆ ಇಡಲೂ ಇಲ್ಲ. ನಮ್ಮ ಮುಸಲ್ಮಾನರ ಧರ್ಮದಲ್ಲಿ ಹಾಗೇನೂ ಇಲ್ಲ, ಗಂಡ ಸತ್ತವಳು ಶೋಕಕ್ಕೆ ಕೂರುವ ಇದ್ದತ್ತಿನ ದಿನ ಮುಗಿದ ಮೇಲೆ ಬಳೆ ಹಾಕಿಕೊಂಡರೆ ತಪ್ಪಿಲ್ಲ. ಊರಿನ ರೂಢಿ ಬೇರೆ. ಗಂಡ ಸತ್ತವಳ ಕೈಗೆ ಬಳೆಗಾರರು ಗಾಜು ಏರಿಸುವುದಿಲ್ಲ, ನಮ್ಮವರೂ ಏರಿಸುವುದಿಲ್ಲ, ಹಿಂದೂ ಬಳೆಗಾರರೂ ಏರಿಸುವುದಿಲ್ಲ. ಅಷ್ಟು ವರ್ಷ ಆ ರೂಢಿಯಲ್ಲೇ ದುಡಿದ ಕೈಗೆ ಬರಿಗೈ ಕಂಡರೆ ಹಿಂದೆ ಸರಿಯುವುದು ರೂಢಿಯಾಗಿದೆ, ಮಗಳು ಎನ್ನುವುದನ್ನು ಮರೆತಿದೆ, ವಿಧವೆ ಎನ್ನುವುದನ್ನು ಮರೆತಿಲ್ಲ ಎಂದು ತೀರ್ಮಾನಿಸಿದೆ.

ಸಿಟ್ಟು ನೆತ್ತಿಗೇರಿತು. ಒಂದು ದಿನ ಆಕೆಯ ತಲೆ ಬಾಚುತ್ತ ಬಾಯಿಗೆ ಬಂದಂತೆ ಬೈದೆ. "ನಿನ್ನ ಹೇಲು ಉಚ್ಚಿ ಬಳ್ಯಾಕ ಈ ಕೈ ಬೇಕು, ಹಿಡ್ಯಾಕ ಬ್ಯಾಡೇನು? ಎಂಥಾ ಬಳಿಗಾರ್ತಿ ನೀನು? ಕಲ್ಲೈತಿ ನಿನ್ನ ಎದಿಯಾಗ!" ಅಮ್ಮ ತೂಕಡಿಸುತ್ತ ಕೇಳಿಸಿಕೊಂಡಳು. ಜೋಗುಳ ಹಾಡಿದರೂ ಅಷ್ಟು ಆರಾಮ ಕೂರುತ್ತಿರಲಿಲ್ಲವೇನೋ. ಮುದ್ದೇಬಿಹಾಳದಲ್ಲಿರುವ ತಂಗಿಗೆ ಫೋನು ಮಾಡಿ ಹೇಳಿದೆ. ಆಕೆ ನನ್ನನ್ನು ಆಪಾ ಎನ್ನುತ್ತಾಳೆ. "ಹಂಗ್ಯಾಕ ಅಂತಿ ಆಪಾ, ಆಕಿಗೇನು ತಿಳೀತೈತಿ" ಎಂದಳು. ತಿಳಿಯದೆ ಮಾಡಿದ್ದಕ್ಕೇ ನನಗೆ ಜಾಸ್ತಿ ಉರಿ. ತಿಳಿದು ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಅದಾದ ಮೇಲೆ ಒಂಥರಾ ಮರಗಟ್ಟಿಹೋದೆ. ಬೆಳಿಗ್ಗೆ ಏಳುವುದು, ಅಮ್ಮನ ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಯಂತ್ರದಲ್ಲಿ ಸಕ್ಕರೆ ನೋಡುವುದು, ರಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚುವುದು, ಉಣ್ಣಿಸುವುದು, ಶಾಲೆಗೆ ಹೋಗುವುದು. ಹಗಲಿಗೆ ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಿದ್ದಳು. ಸಂಜೆ ಬಂದು ಮತ್ತೆ ಬೆರಳು, ಮತ್ತೆ ಸೂಜಿ. ಸಕ್ಕರೆ ಕಾಯಿಲೆ ಅಮ್ಮನಿಗೆ ಮರೆವಿಗಿಂತ ಹಳೆಯದು, ಗುಳಿಗೆ ಬಾಯಿಗೆ ಹಾಕಿದರೆ ಉಗುಳತೊಡಗಿದ ಮೇಲೆ ಸೂಜಿ ಬಂದಿತ್ತು. ಕೆಲಸ ಎಲ್ಲ ನಡೆಯುತ್ತಿತ್ತು. ಅದು ನನ್ನ ಕೈ ಮಾಡುತ್ತಿತ್ತು, ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ ಅಷ್ಟೇ.

ಹೀಗಿರುವಾಗ ಹೊರ್ತಿಯಿಂದ ಒಬ್ಬ ಮುದುಕಿ ಬಂದಳು. ಅಮ್ಮನ ಹಳೆಯ ಗಿರಾಕಿ, ಸಿಂದಗಿಯಲ್ಲಿರುವ ಮಗಳ ಮನೆಗೆ ಬಂದವಳು ನೋಡಿಕೊಂಡು ಹೋಗೋಣವೆಂದು ಬಂದಿದ್ದಳು. ಹಣೆ ಬೋಳು, ಎರಡೂ ಕೈ ಬೋಳು. ಗಂಡ ಸತ್ತು ನನಗಿಂತ ಹೆಚ್ಚು ವರ್ಷವಾದವಳು. ಅಮ್ಮ ಆಕೆಯ ಕೈಯನ್ನು ಲಪಕ್ಕನೆ ಹಿಡಿದುಕೊಂಡಳು.

"ಬ್ಯಾಡ ತಾಯಿ, ಬಳಿ ಇಲ್ಲದ ಕೈ ನಂದು" ಎಂದಳು ಮುದುಕಿ.

"ಇರ್ಲಿ ಕೊಡ್ರಿ" ಎಂದು ಅಮ್ಮ ಗಂಟು ಒತ್ತತೊಡಗಿದಳು.

ನಾನು ಚಹಾದ ತಟ್ಟೆ ಹಿಡಿದು ನಿಂತೇ ಇದ್ದೆ. ಮುದುಕಿ ಕಣ್ಣು ಒರೆಸಿಕೊಳ್ಳುತ್ತಿದ್ದಳು, ನನ್ನ ಸೂತ್ರ ಅಲ್ಲಿಗೆ ಖಲಾಸ್. ಬರಿಗೈ ಆಗುವುದಿಲ್ಲ ಎನ್ನುವುದು ಸುಳ್ಳು. ಹಾಗಾದರೆ ಈ ಕೈ ಯಾಕೆ ಆಗುವುದಿಲ್ಲ? ತಟ್ಟೆ ಇಟ್ಟು ಹತ್ತಿರ ಕೂತು, ಆದಷ್ಟು ನಯವಾಗಿ, "ಅಮ್ಮಾ, ಇವರು ಯಾವೂರವ್ರು ಗೊತ್ತೈತೇನು?" ಎಂದೆ. ಆಕೆಯ ಒಂದು ಕೈ ಮುದುಕಿಯ ಕೈಯಲ್ಲೇ ಇತ್ತು. ಖಾಲಿ ಇದ್ದ ಇನ್ನೊಂದು ಕೈ ಮುಷ್ಟಿಯಾಗಿ ಸೆರಗಿನೊಳಗೆ ಹೋಯಿತು.

ಎಷ್ಟು ನಯವಾಗಿ ಕೇಳಿದ್ದೆ! ಸಿಟ್ಟು ಬಂತು. "ಏ, ಸೆರಗು ನೆಲಕ್ಕ ಬಿದ್ದೈತಿ, ಮ್ಯಾಲ ಹಾಕ್ಕೋ!" ಎಂದು ಗದರಿದೆ. ಮುಷ್ಟಿ ಸಡಿಲಾಯಿತು. ಕೈ ಹೊರಗೆ ಬಂದು ಸೆರಗು ಎಳೆದುಕೊಂಡಿತು.

ಆಗ ಹೊಳೆಯಿತು. ನಾನು ಅಮ್ಮನ ಹತ್ತಿರ ನಯವಾಗಿ ಮಾತಾಡುವುದು ಯಾವಾಗ? ಸೂಜಿ ಹಿಡಿದಾಗ ಮಾತ್ರ. ಉಳಿದ ಹೊತ್ತೆಲ್ಲ ನನ್ನ ಬಾಯಿ ಓಣಿಗೇ ಗೊತ್ತು. ಚುಚ್ಚುವಾಗ ಮಾತ್ರ ಆಕೆಯ ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು, ಬೆರಳು ಒತ್ತಿ ಒತ್ತಿ ರಕ್ತ ತುದಿಗೆ ತಂದು, "ಅಮ್ಮಾ, ಸಂತೀಗೆ ಹೋಗೂಣೇನು? ಹಸರ ಬಳಿ ತಂದಿಯೇನು?" ಎಂದು ಮಾತಿಗೆಳೆದು, ಆಕೆ ಬಾಯಿ ತೆರೆಯುವ ಹೊತ್ತಿಗೆ ಚುಚ್ಚಿಬಿಡುತ್ತಿದ್ದೆ. ಯಾರಿಂದ ಕಲಿತೆ ಇದನ್ನು? ಆಕೆಯಿಂದಲೇ. ಆಕೆ ಹೆಂಗಸರಿಗೆ ಬಳೆ ಏರಿಸಿದ ಹಾಗೆ ನಾನು ಆಕೆಗೆ ಸೂಜಿ ಏರಿಸುತ್ತಿದ್ದೆ, ಅದೇ ಹಿಡಿತ, ಅದೇ ಮಾತು.

ಚುಚ್ಚಿದ್ದು ಆಕೆಗೆ ನೆನಪಿರುತ್ತಿರಲಿಲ್ಲ. ಅರೆ ನಿಮಿಷದಲ್ಲಿ ಮರೆತು ಬೆರಳ ಮೇಲಿನ ರಕ್ತದ ಚುಕ್ಕೆ ನೋಡಿ "ಇದೇನ್ರಿ" ಎನ್ನುತ್ತಿದ್ದಳು. ಆಕೆಗೆ ಗೊತ್ತಿಲ್ಲದ್ದು ಕೈಗೆ ಗೊತ್ತಾಗಿತ್ತು. ಹೊಸದು ನಿಲ್ಲುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ. ನಿಂತಿತ್ತು. ಅಮ್ಮ ಈ ರೋಗ ಬಂದ ಮೇಲೆ ಹೊಸದಾಗಿ ಕಲಿತದ್ದು ಒಂದೇ, ನನಗೆ ಅಂಜುವುದು.

ತಿಳಿದು ಏನು ಮಾಡಲಿ? ಮಾತಾಡದೆ ಚುಚ್ಚಿ ನೋಡಿದೆ, ಕೈ ಹಿಡಿದ ಕೂಡಲೇ ಸೆಟೆದುಕೊಂಡಳು. ಒಬ್ಬ ಕಂಪೌಂಡರನಿಗೆ ಹೇಳಿದೆ, ಸ್ವಲ್ಪ ದಿನ ಬಂದ. ಆಮೇಲೆ ಆತ ಬರುವ ಹೊತ್ತಿಗೂ ಅಮ್ಮನ ಹಸಿವಿನ ಹೊತ್ತಿಗೂ ಹೊಂದಲಿಲ್ಲ. ಪಕ್ಕದಾಕೆ ಸೂಜಿ ಕಂಡರೆ ತಾನೇ ಕಣ್ಣು ಮುಚ್ಚುತ್ತಾಳೆ. ಮತ್ತೆ ನಾನೇ. ಬೇಜಾರು ಎನ್ನುವುದೂ ದೊಡ್ಡ ಮಾತು. ಹಲ್ಲುನೋವಿಗೆ ಮದ್ದು ಹಾಕಿದಾಗ ಕೆನ್ನೆ ಇದ್ದೂ ಇಲ್ಲದ ಹಾಗಿರುತ್ತದಲ್ಲ, ಮೈ ಎಲ್ಲ ಹಾಗಿತ್ತು.

ತೊಗರಿ ಕಟಾವಿನ ಕಾಲಕ್ಕೆ ನನ್ನನ್ನು ಬಸವನ ಬಾಗೇವಾಡಿಯ ಒಂದು ಶಾಲೆಗೆ ನಿಯೋಜನೆ ಹಾಕಿದರು. ಅಲ್ಲಿ ಪಾಠ ಮಾಡುವವರು ರಜೆಯಲ್ಲಿದ್ದರು, ಪರೀಕ್ಷೆ ಹತ್ತಿರವಿತ್ತು. ಹೋಗಿ ಬಂದು ಮಾಡಿದರೆ ಸೂಜಿಯ ಹೊತ್ತು ತಪ್ಪುತ್ತದೆ. ತಂಗಿ ಗಂಡನ ಮನೆಯಲ್ಲಿ ಹೇಳಿ, ಚೀಲ ಹಿಡಿದು ಬಂದಳು. ಆಕೆ ಚಪ್ಪಲಿ ಬಿಟ್ಟು ಒಳಗೆ ಬರುವುದೇ ತಡ, ಅಮ್ಮ ಕೈ ಹಿಡಿದು ಕೂರಿಸಿಕೊಂಡಳು.

"ನೋಡ ಆಪಾ, ನನ್ನ ಗುರ್ತ ಹಿಡದ್ಲು!" ತಂಗಿ ಅಳತೊಡಗಿದಳು.

ಹಾಲಿನವಳದೂ ಗುರುತು ಹಿಡಿಯುತ್ತಾಳೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಬೆರಳು ಹೇಗೆ ಒತ್ತಬೇಕು, ಸೂಜಿ ಎಲ್ಲಿ ಚುಚ್ಚಬೇಕು ಎಂದು ತೋರಿಸಿ ಬಸ್ಸು ಹತ್ತಿದೆ.

ಬಾಗೇವಾಡಿಯಲ್ಲಿ ಜೊತೆಯ ಶಿಕ್ಷಕಿಯೊಬ್ಬಳ ಮನೆಯ ಕೋಣೆಯಲ್ಲಿದ್ದೆ. ಮೊದಲ ದಿನಗಳಲ್ಲಿ ತಂಗಿಯ ಫೋನು ಉಲ್ಲಾಸದಿಂದ ಬರುತ್ತಿತ್ತು. ಅಮ್ಮ ಹೀಗಂದಳು, ಅಮ್ಮ ನಕ್ಕಳು, ನನ್ನ ಕೈ ಬಿಡಲೇ ಒಲ್ಲಳು. ನಾನು "ಹೂಂ" ಎನ್ನುತ್ತಿದ್ದೆ. ಬರಬರುತ್ತ ಫೋನಿನಲ್ಲಿ ಸಕ್ಕರೆಯ ಅಂಕಿ ಮಾತ್ರ ಉಳಿಯಿತು. ಆಮೇಲೆ ಒಂದು ಸಂಜೆ ತಂಗಿ, "ಆಪಾ, ನನ್ನ ಕಂಡ್ರ ಮುಷ್ಟಿ ಕಟ್ಟಾಕತ್ತಾಳ" ಎಂದಳು.

ನನಗೆ ಕನಿಕರ ಬರಬೇಕಿತ್ತು. ಏನೂ ಬರಲಿಲ್ಲ. "ಸಕ್ಕರಿ ಎಷ್ಟೈತಿ?" ಎಂದು ಕೇಳಿದೆ.

ನಿಯೋಜನೆ ಮುಗಿದು ಸಂಜೆ ಸಿಂದಗಿಯಲ್ಲಿ ಇಳಿದೆ. ಬಸ್ಸಿನ ತುಂಬ ತೊಗರಿ ಹೊಟ್ಟಿನ ಧೂಳು, ನನ್ನ ತಲೆಯ ತುಂಬ ಅದೇ. ಅಮ್ಮ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಚೀಲ ಕೆಳಗಿಟ್ಟು ಎದುರಿಗೆ ಕೂತೆ. ಮುಷ್ಟಿ ಕಟ್ಟುತ್ತಾಳೆಂದು ಅದನ್ನೇ ನೋಡುತ್ತಿದ್ದೆ.

"ಬರ್ರಿ" ಎಂದಳು. ಕೈ ಚಾಚಿದಳು.

ನಾನು ಅಲ್ಲಾಡಲಿಲ್ಲ. ಆಕೆಯೇ ಬಗ್ಗಿ ನನ್ನ ಬಲಗೈಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳಿನ ಗಂಟು ಹುಡುಕಿ ಒತ್ತಿದಳು. ಆಕೆಯ ಬೆರಳ ತುದಿಗಳು ಚುಚ್ಚಿ ಚುಚ್ಚಿ ಒರಟಾಗಿದ್ದವು. "ಭಾಳ ದಿನಾತು ಬಳಿ ಇಡಿಸಿಲ್ಲಲ್ರಿ, ಗಂಟು ಬಲತೈತಿ" ಎಂದಳು. "ಯಾವೂರ್ರಿ ನಿಮ್ದು?"

ನಾನು ಎಷ್ಟು ದಿನದಿಂದ ಕಾಯುತ್ತಿದ್ದದ್ದು ಇದನ್ನೇ. ಬಂದಾಗ ಅರ್ಥವಾದದ್ದು ಇಷ್ಟು: ಹೆಸರು, ಮುಖ ಹೋದ ಮೇಲೆ ಆಕೆಯಲ್ಲಿ ನಾನು ಉಳಿದಿದ್ದದ್ದು ಆ ಅಂಜಿಕೆಯೊಂದರಲ್ಲಿ. ನಾನಿಲ್ಲದ ದಿನಗಳಲ್ಲಿ ಅದೂ ಅಳಿಸಿಹೋಗಿತ್ತು. ಪೂರ್ತಿ ಮರೆತದ್ದಕ್ಕೇ ಕೈ ಹಿಡಿದಿದ್ದಳು.

"ಸಿಂದಗಿ ರೀ" ಎಂದೆ.

"ನಮ್ಮೂರೇ ಹೌದಲ್ರಿ! ಮಕ್ಕಳು ಎಷ್ಟ್ರಿ?"

ಹೇಳಿದೆ. ಕೇಳಿದ್ದಕ್ಕೆಲ್ಲ ಹೇಳಿದೆ. ಗಂಡನ ಬಗ್ಗೆ ಕೇಳಲಿಲ್ಲ, ಸದ್ಯ. ಆಕೆಯ ಕೈ ಬೆಚ್ಚಗಿತ್ತು. ನಾನು ಕೈಯನ್ನು ಆಕೆಗೆ ಬಿಟ್ಟುಕೊಟ್ಟು ಗೋಡೆ ನೋಡುತ್ತ ಕೂತೆ. ಅಳು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಆದರೂ ಏಳಲು ಮನಸ್ಸಾಗಲಿಲ್ಲ. ಹೀಗೇ ರಾತ್ರಿಯಾಗಲಿ, ಹೀಗೇ ಬೆಳಗಾಗಲಿ ಎನ್ನಿಸಿತು.

ಒಳಗಿನಿಂದ ತಂಗಿ ಸೂಜಿಯ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಹೊತ್ತಾಗಿತ್ತು. ಆಕೆಯನ್ನು ಕಂಡದ್ದೇ ಅಮ್ಮನ ಎಡಗೈ ಸೆರಗಿನೊಳಗೆ ಹೋಯಿತು. ಬಲಗೈ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿಯಿತು. ಕೂತಲ್ಲೇ ಸರಿದು ಸರಿದು ನನ್ನ ಬೆನ್ನ ಹಿಂದೆ ಬಂದಳು.

"ಆಕಿನ್ನ ಕಳಸ್ರಿ" ಎಂದು ನನ್ನ ಕಿವಿಯ ಹತ್ತಿರ ಹೇಳಿದಳು. "ನೀವು ಇಲ್ಲೇ ಇರ್ರಿ."

ತಂಗಿ ಬಾಗಿಲಿಗೆ ಆನಿಕೊಂಡು ನಿಂತುಬಿಟ್ಟಳು. "ನನ್ನಿಂದ ಆಗಂಗಿಲ್ಲ ಆಪಾ. ನಾಳೆ ನಾ ಊರಿಗೆ ಹೋಗಬೇಕು. ಹಿಂಗ ಅಂಜಿಸಿ ಹ್ಯಾಂಗ ಹೋಗ್ಲಿ?" ಮೂಗು ಒರೆಸಿಕೊಳ್ಳುತ್ತಿದ್ದಳು. "ಇವತ್ತೊಂದು ದಿನ ಬಿಡೂಣೇನು?"

ಬಿಡಬಹುದಿತ್ತೇ? ಬೆಳಗಿನ ಅಂಕಿ ಫೋನಿನಲ್ಲಿ ಹೇಳಿದ್ದಳು, ಬಿಡುವ ಅಂಕಿಯಲ್ಲ. ಇವತ್ತು ಬಿಟ್ಟರೂ ನಾಳೆ ಬೆಳಿಗ್ಗೆ ಇದ್ದದ್ದೇ, ನಾಳೆ ಬೆಳಿಗ್ಗೆ ಮನೆಯಲ್ಲಿ ಇರುವವಳು ನಾನೊಬ್ಬಳೇ. "ಡಬ್ಬಿ ಇಲ್ಲಿ ಕೊಡು, ಸುಮ್ನ ಅಳಬ್ಯಾಡ, ನೀ ಒಳಗ ಹೋಗು" ಎಂದೆ.

ತಂಗಿ ಹೋದಳು. ಅಮ್ಮನಿಗೆ ಸಮಾಧಾನವಾಯಿತು. ನನ್ನ ಬೆನ್ನ ಹಿಂದಿನಿಂದ ಮುಂದೆ ಬಂದು ಕೂತು, "ಚಲೋ ಮಾಡಿದ್ರಿ ನೋಡ್ರಿ" ಎಂದಳು. ಮತ್ತೆ ನನ್ನ ಹೆಬ್ಬೆರಳು ಒತ್ತತೊಡಗಿದಳು. ಎಡಗೈಯನ್ನು ಸೆರಗಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಬೆರಳು ಬಿಚ್ಚಿ.

ಆ ಬೆರಳನ್ನು ನಾನು ಹಿಡಿದೆ. ಮಾತಾಡಲಿಲ್ಲ, ನಯವಾಗಿಯೂ ಇಲ್ಲ, ಗದರಿಯೂ ಇಲ್ಲ. ಚುಚ್ಚಿದೆ. ಆಕೆ ಕೂಗಲಿಲ್ಲ. ನನ್ನ ಮುಖ ನೋಡಿದಳು, ಆಮೇಲೆ ನನ್ನ ಬಲಗೈ ಬಿಟ್ಟಳು. ಸಕ್ಕರೆ ನೋಡಿ, ಸೂಜಿ ತುಂಬಿ, ರಟ್ಟೆಗೆ ಚುಚ್ಚಿ, ಒರೆಸಿ, ಊಟ ತರಲು ಒಳಗೆ ಹೋದೆ.

ಮರುದಿನ ತಂಗಿ ಊರಿಗೆ ಹೋದಳು. ಈಗ ಮೊದಲಿನಂತೆಯೇ ನಡೆದಿದೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಾನು ಗೇಟು ತೆಗೆದ ಸಪ್ಪಳಕ್ಕೇ ಅಮ್ಮನ ಎರಡೂ ಕೈ ಸೆರಗಿನೊಳಗೆ ಹೋಗುತ್ತವೆ ಎಂದು ಪಕ್ಕದಾಕೆ ಹೇಳುತ್ತಾಳೆ. ಹೇಳಿ, ನನಗೆ ಬೇಸರವಾಯಿತೇನೋ ಎಂದು ಮುಖ ನೋಡುತ್ತಾಳೆ. ಉಳಿದವರು ಯಾರೇ ಬಂದರೂ ಆಕೆಗೆ ಗಿರಾಕಿಗಳು. ಗುರುತು ಸಿಗುವುದು ನನ್ನೊಬ್ಬಳದೇ.